ಕಕ್ಕಡದ ಮಳೆಯಲ್ಲಿ ಒಪೆರಾ ತೋರಿಸುವುದು ಹೇಗೆ

ನಾನು ಕೊಡಗಿನ ನಾಪೋಕ್ಲು ಕಡೆಯವನು. ಕೆಲಸ ಸೌಂಡ್ ಸರ್ವಿಸ್. ಮದುವೆ, ನಾಮಕರಣ, ಹಾಕಿ ಪಂದ್ಯ, ಊರ ಹಬ್ಬ, ಎಲ್ಲಿ ಮೈಕ್ ಬೇಕೋ ಅಲ್ಲಿ ನಾನು. ಕಕ್ಕಡ ತಿಂಗಳು ಬಂತು ಅಂದರೆ ಮಾತ್ರ ಮದುವೆಯೂ ಇಲ್ಲ, ಸಭೆಯೂ ಇಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆಯೊಂದೇ. ಬಾಕ್ಸ್‌ಗಳಿಗೆ ಬೂಷ್ಟು ಹಿಡಿಯಬಾರದು ಅಂತ ವಾರಕ್ಕೊಂದು ಸಲ ಸುಮ್ನೆ ಅರ್ಧ ಗಂಟೆ ಓಡಿಸಿ ಇಡುತ್ತೇನೆ.

ಅಂಥ ಒಂದು ಕಕ್ಕಡದಲ್ಲಿ ಟೀಚರ್ ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ಈಗ ರಿಟೈರ್ ಆಗಿ ತೋಟದ ಮನೆಯಲ್ಲಿದ್ದಾರೆ.

"ಎಂತ ಮಾರಾಯ, ಖಾಲಿ ಕೂತಿದ್ದೀಯಾ? ಮಗ ಒಂದು ಡಿಸ್ಕ್ ಕಳಿಸಿದ್ದಾನೆ. ಇಪ್ಪತ್ತು ಜನಕ್ಕೆ ತೋರಿಸಬೇಕು."

"ಸಿನಿಮಾನಾ ಟೀಚರ್?"

"ಅಲ್ಲ, ನಾಟಕ. ಒಪೆರಾ ಅಂತಾರೆ, ಇಟಲಿಯದ್ದು. ಮಾತೇ ಇಲ್ಲ, ಎಲ್ಲ ಹಾಡಿನಲ್ಲೇ."

ಆ ಮೊದಲ ಸಲ ನಾನು ಅದನ್ನು ಪೂರ್ತಿ ಹಾಳು ಮಾಡಿದೆ. ಮದುವೆ ಮನೆಗೆ ಹೇಗೆ ಸೆಟ್ ಮಾಡುತ್ತೇನೋ ಹಾಗೇ ಮಾಡಿದೆ. ಎರಡನೇ ಅಂಕದ ಹೊತ್ತಿಗೆ ಟೀಚರ್ ಎದ್ದು ಬಂದು ನನ್ನ ಮಿಕ್ಸರ್ ಪಕ್ಕ ನಿಂತರು. "ಇದು ವಾಲಗ ಅಲ್ಲ. ಅದರ ಮೇಲಿಂದ ಕೈ ತೆಗಿ" ಅಂದರು. ಕೈ ತೆಗೆದೆ. ಉಳಿದದ್ದು ಚೆನ್ನಾಗಿ ಹೋಯಿತು. ಆಮೇಲೆ ಪ್ರತಿ ಮಳೆಗಾಲ ಒಂದೊಂದು ತೋರಿಸುತ್ತಾ ಬಂದಿದ್ದೇವೆ. ನೀವೂ ನಿಮ್ಮ ಮನೆಯಲ್ಲಿ, ಕ್ಲಬ್ಬಿನಲ್ಲಿ, ಶಾಲೆಯಲ್ಲಿ ತೋರಿಸುವುದಾದರೆ ನಾನು ಮಾಡಿದ ತಪ್ಪು ಮಾಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವುದನ್ನು ಹಾಕಬೇಕು

ಮೊದಲ ಸಲಕ್ಕೆ ಇಟಲಿಯ ಸಂಗೀತಗಾರ ಪುಚ್ಚೀನಿಯ 'ಲಾ ಬೊಎಮ್' ಹಾಕಿ. ಎರಡು ಗಂಟೆಯೂ ಇಲ್ಲ. ಕಥೆ ಸರಳ. ಚಳಿ, ಉರಿಯದ ಒಲೆ, ಕಟ್ಟದ ಬಾಡಿಗೆ, ಕೆಮ್ಮು. ಕಕ್ಕಡದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೊದಲ ಪ್ರದರ್ಶನ ನಡೆದದ್ದು 1896ರ ಫೆಬ್ರವರಿ 1ರಂದು, ಇಟಲಿಯ ಟುರಿನ್ ಊರಿನಲ್ಲಿ. ಅವತ್ತು ವಾದ್ಯವೃಂದ ನಡೆಸಿದ್ದು ತೊಸ್ಕಾನಿನಿ. ಆಗಿನ್ನೂ 28 ವರ್ಷದ ಹುಡುಗ.

ಡಿಸ್ಕ್ ತರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಒಪೆರಾ ಚಿತ್ರೀಕರಣದಲ್ಲಿ ಎರಡು ಜಾತಿ. ಒಂದು, ರಂಗಮಂದಿರದಲ್ಲಿ ಜನ ಕೂತಿರುವಾಗಲೇ ಕ್ಯಾಮರಾ ಇಟ್ಟು ಹಿಡಿದದ್ದು. ಇನ್ನೊಂದು, ಮೊದಲು ಹಾಡು ರೆಕಾರ್ಡ್ ಮಾಡಿ, ಆಮೇಲೆ ಸಿನಿಮಾ ಥರ ತುಟಿ ಕೂಡಿಸಿ ತೆಗೆದದ್ದು. 'ಲಾ ಬೊಎಮ್'ನಲ್ಲಿ ಎರಡೂ ಸಿಗುತ್ತದೆ, ತಮಾಷೆ ಅಂದರೆ ಎರಡರ ಹಿಂದೆಯೂ ಒಬ್ಬನೇ ಮನುಷ್ಯ, ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ. 1965ರದ್ದು ಸಿನಿಮಾ ಥರದ್ದು. ಮಿಲಾನಿನ ಲಾ ಸ್ಕಾಲಾ ರಂಗಮಂದಿರದ ವಾದ್ಯವೃಂದ, ನಡೆಸಿದವರು ಕರಾಯನ್, ನಾಯಕಿ ಮಿಮಿಯಾಗಿ ಮಿರೆಲ್ಲಾ ಫ್ರೇನಿ. 1982ರದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಜನರ ಮುಂದೆ ಹಿಡಿದದ್ದು. ತೆರೆಸಾ ಸ್ಟ್ರಾಟಾಸ್ ಮಿಮಿ, ಹೊಸೆ ಕರೆರಾಸ್ ನಾಯಕ ರೊಡೊಲ್ಫೊ, ರೆನಾಟಾ ಸ್ಕೊಟ್ಟೊ ಇನ್ನೊಬ್ಬ ಹುಡುಗಿ ಮುಜೆಟ್ಟಾ. ಇದೇ ಸ್ಕೊಟ್ಟೊ 1977ರ ಮಾರ್ಚ್ 15ರಂದು ಅದೇ ರಂಗದಿಂದ ಟೀವಿಯಲ್ಲಿ ನೇರ ಪ್ರಸಾರವಾದ 'ಲಾ ಬೊಎಮ್'ನಲ್ಲಿ ಗಾಯಕ ಪವರೊಟ್ಟಿ ಜೊತೆ ಮಿಮಿಯಾಗಿದ್ದರು. ಟೀಚರ್ ಹತ್ತಿರ ಇದ್ದದ್ದು 1982ರದ್ದು.

ನನಗೆ ಜನರ ಮುಂದೆ ಹಿಡಿದದ್ದೇ ಇಷ್ಟ. 1965ರದ್ದರಲ್ಲಿ ಮುಖಗಳು ಚಂದ, ಹತ್ತಿರದಿಂದ ಕಾಣುತ್ತವೆ, ಯಾರ ಹಣೆಯಲ್ಲೂ ಬೆವರಿಲ್ಲ. ಬೆವರಿಲ್ಲದಿರುವುದೇ ನನಗೆ ತಕರಾರು. ಹೈ ನೋಟ್ ತೆಗೆಯುವಾಗ ಕರೆರಾಸ್ ಕತ್ತಿನ ನರ ಉಬ್ಬುವುದು ಕಾಣಬೇಕು. ಇದು ಹಾಡುಗಾರರ ಮೈಯಿಂದ ಬರುವ ಕೆಲಸ ಅಂತ ನಮ್ಮ ಜನಕ್ಕೆ ಆಗಲೇ ಗೊತ್ತಾಗುವುದು.

ಮಕ್ಕಳೇ ಜಾಸ್ತಿ ಇದ್ದರೆ ಡೊನಿಜೆಟ್ಟಿಯ 'ಲೆಲಿಸಿರ್ ದಮೋರೆ' ಹಾಕಿ. 1832ರದ್ದು, ನಗೆ ನಾಟಕ. ಹಳ್ಳಿಗೆ ಬಂದ ಮಾತುಗಾರ ನಕಲಿ ಡಾಕ್ಟರ್ ಮಾಮೂಲಿ ವೈನನ್ನು ಪ್ರೀತಿಯ ಮದ್ದು ಅಂತ ಮಾರುತ್ತಾನೆ. ಸಂತೆಯಲ್ಲಿ ಮೈಕ್ ಹಿಡಿದು ಎಣ್ಣೆ ಮಾರುವವರನ್ನು ನೋಡಿದವರಿಗೆ ನಗು ತಾನಾಗಿ ಬರುತ್ತದೆ. ಕೊಲೆ, ಪೊಲೀಸು, ಮೋಸ ಬೇಕು ಅನ್ನುವವರಿಗೆ 'ತೋಸ್ಕಾ'. ಅದರದ್ದೊಂದು 1992ರ ಚಿತ್ರೀಕರಣ ಇದೆ. ರೋಮಿನಲ್ಲಿ ಕಥೆ ನಡೆಯುವ ಅದೇ ಚರ್ಚು, ಅದೇ ಅರಮನೆ, ಅದೇ ಕೋಟೆಯಲ್ಲಿ, ಕಥೆಯಲ್ಲಿ ಹೇಳಿದ ಹೊತ್ತಿಗೇ ನೇರ ಪ್ರಸಾರ ಮಾಡಿದ್ದು. ವಾದ್ಯವೃಂದ ನಡೆಸಿದ್ದು ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಡಿಸ್ಕ್ ಬಂದ ಕೂಡಲೇ ಕವರಿನ ಹಿಂದೆ ರೀಜನ್ ನಂಬರ್ ನೋಡಿ. ಡಿವಿಡಿಗೆ ನಮ್ಮ ದೇಶದ್ದು 5. 0 ಅಂತ ಇದ್ದರೆ ಎಲ್ಲಾ ಕಡೆ ಓಡುತ್ತದೆ. ಬೇರೆ ನಂಬರ್ ಇದ್ದರೆ ಕಾರ್ಯಕ್ರಮದ ದಿನ ಎಲ್ಲರೂ ಕೂತ ಮೇಲೆ ಪ್ಲೇಯರ್ ಡಿಸ್ಕನ್ನು ಉಗುಳುತ್ತದೆ. ಹಿಂದಿನ ದಿನವೇ ಪೂರ್ತಿ ಓಡಿಸಿ ನೋಡಿ. ಪೂರ್ತಿ ಅಂದರೆ ಪೂರ್ತಿ. ಗೀಚು ಇರುವುದು ಯಾವಾಗಲೂ ಕೊನೆ ಅಂಕದಲ್ಲೇ.

ಮನೆ, ಹೊತ್ತು, ಕರೆಂಟು

ಶೀಟಿನ ಮನೆ ಬೇಡ. ಕಕ್ಕಡದ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಅಂಥದ್ದರಲ್ಲಿ ಹಾರ್ಪ್ ಅನ್ನುವ ತಂತಿವಾದ್ಯ ಎಲ್ಲಿ ಕೇಳಬೇಕು? ಹೆಂಚಿನ ಮನೆ, ಹೆಂಚಿನ ಕೆಳಗೆ ಮರದ ಅಟ್ಟ ಇದ್ದರೆ ಬಹಳ ಒಳ್ಳೆಯದು. ತಾರಸಿ ಮನೆ ಆದರೆ ಮಳೆ ಸದ್ದು ಇಲ್ಲ, ಆದರೆ ಬರೀ ಗೋಡೆ, ಟೈಲ್ಸು, ದನಿ ಗುಂಯ್ ಅನ್ನುತ್ತದೆ. ಅಲ್ಲಿ ಗೋಡೆಗೆ ಕಂಬಳಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ಕಿಟಕಿಗೂ ಕಂಬಳಿ. ಬೆಳಕೂ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ.

ಹೊತ್ತು ಮಧ್ಯಾಹ್ನ ಎರಡು ಗಂಟೆ. ರಾತ್ರಿ ಇಟ್ಟರೆ ಚಂದ ಅಂತ ಎಲ್ಲರಿಗೂ ಅನಿಸುತ್ತದೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಯಾರು ಯಾರನ್ನು ಮನೆ ಮುಟ್ಟಿಸುತ್ತಾರೆ? ನಾಟಕ ಒಂದು ಮುಕ್ಕಾಲು ಗಂಟೆಯ ಮೇಲೆ ಐದು ಹತ್ತು ನಿಮಿಷ. ಕಥೆ ಹೇಳಲು, ಕಾಫಿ ಕುಡಿಯಲು ಒಂದು ಗಂಟೆ. ಐದರೊಳಗೆ ಎಲ್ಲರೂ ಕೊಡೆ ಬಿಚ್ಚಿ ಹೊರಟಿರಬೇಕು.

ಪರದೆ ದೊಡ್ಡದು ಬೇಕಿಲ್ಲ. ಇಪ್ಪತ್ತು ಜನಕ್ಕೆ ಆರು ಅಡಿ ಅಗಲ ಸಾಕು. ಬೆಡ್‌ಶೀಟ್ ಆದರೆ ಇಸ್ತ್ರಿ ಹಾಕಿ, ಕೆಳಗಡೆ ಒಂದು ಪೈಪ್ ಹೊಲಿದು ಎಳೆದು ಕಟ್ಟಿ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಅಕ್ಷರ ಬರುವುದು ಅಲ್ಲೇ. ಮುಂದಿನ ಸಾಲಿನವರ ತಲೆ ಅಡ್ಡ ಬಂದರೆ ಹಿಂದಿನವರಿಗೆ ಕಥೆಯೇ ಇಲ್ಲ. ಇನ್ನೊಂದು ಮಾತು, 1982ರ ಚಿತ್ರ ಹಳೆ ಟೀವಿಯ ಅಳತೆಯದ್ದು. ಪ್ರೊಜೆಕ್ಟರಿನಲ್ಲಿ 4:3 ಅಂತ ಇಡಿ. ಪರದೆ ತುಂಬಲಿ ಅಂತ ಎಳೆದರೆ ಕ್ಷಯ ಬಂದ ಮಿಮಿಯೂ ದಪ್ಪಗಾಗುತ್ತಾಳೆ.

ಕರೆಂಟ್ ಬಗ್ಗೆ ಹೇಳಬೇಕಾಗಿಲ್ಲ, ಹೋಗುತ್ತದೆ. ನನ್ನ ಎರಡನೇ ವರ್ಷದ ಅನುಭವ ಕೇಳಿ. ಕೊನೆಯ ಅಂಕ, ಮಿಮಿ ಹಾಸಿಗೆಯಲ್ಲಿ ಮಲಗಿದ್ದಾಳೆ, ಹಾಲಿನಲ್ಲಿ ಉಸಿರಿನ ಸದ್ದಿಲ್ಲ. ಕರೆಂಟ್ ಹೋಯಿತು. ಜನರೇಟರ್ ಹಾಕಿದೆ. ಪ್ಲೇಯರ್ ಮತ್ತೆ ಆನ್ ಆಗಿ ಮೊದಲ ಮೆನುಗೆ ಹೋಯಿತು. ಆ ಮೆನುವಿನ ಹಿಂದೆ ಎರಡನೇ ಅಂಕದ ಜಾತ್ರೆಯ ತುತ್ತೂರಿ ಸಂಗೀತ, ಫುಲ್ ಸೌಂಡಿನಲ್ಲಿ. ಟೀಚರ್ ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡಿದ್ದರೇ ವಾಸಿಯಿತ್ತು.

ಅದಕ್ಕೇ ಪ್ಲೇಯರ್ ಮತ್ತು ಪ್ರೊಜೆಕ್ಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಆಂಪ್ಲಿಫಯರ್ ನಿಂತರೆ ಪರವಾಗಿಲ್ಲ, ಪಾಸ್ ಒತ್ತಿ ಕಾಯಬಹುದು. ಪ್ರೊಜೆಕ್ಟರಿನ ಲ್ಯಾಂಪ್ ಕಾದಿರುವಾಗ ಫ್ಯಾನ್ ಒಮ್ಮೆಲೇ ನಿಂತರೆ ಲ್ಯಾಂಪಿಗೇ ಪೆಟ್ಟು. ಇನ್ವರ್ಟರ್ ಆದರೆ ಪ್ಯೂರ್ ಸೈನ್ ವೇವ್‌ದೇ ಇರಲಿ, ಹಳೆ ಥರದ್ದಾದರೆ ಬಾಕ್ಸಿನಲ್ಲಿ ದುಂಬಿ ಗುಯ್‌ಗುಟ್ಟುತ್ತದೆ. ಜನರೇಟರನ್ನು ಕೊಟ್ಟಿಗೆಯ ಆಚೆಗೆ ಕಳಿಸಿ. ಪ್ಲೇಯರ್, ಮಿಕ್ಸರ್, ಪ್ರೊಜೆಕ್ಟರ್ ಮೂರಕ್ಕೂ ಒಂದೇ ಪ್ಲಗ್ ಬೋರ್ಡಿನಿಂದ ಕೊಡಿ. ಬೇರೆ ಬೇರೆ ಕಡೆಯಿಂದ ಎಳೆದರೆ ಅರ್ತಿಂಗ್ ಹಮ್ ಬರುತ್ತದೆ. ಮದುವೆಯಲ್ಲಿ ಆ ಹಮ್ ಯಾರಿಗೂ ಕೇಳುವುದಿಲ್ಲ. ಇಲ್ಲಿ ಅದೊಂದೇ ಕೇಳುತ್ತದೆ.

ಸದ್ದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉಳಿದದ್ದೆಲ್ಲ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಇದು ಕೆಟ್ಟರೆ ಎಲ್ಲ ಕೆಟ್ಟಿತು.

ಮದುವೆ ಸೆಟ್ಟಿನಲ್ಲಿ ನಾವು ಇಕ್ವಲೈಸರನ್ನು ನಗುವ ಬಾಯಿಯ ಹಾಗೆ ಇಡುತ್ತೇವೆ. ಬಾಸ್ ಮೇಲೆ, ಟ್ರೆಬಲ್ ಮೇಲೆ, ನಡುವಿನದ್ದು ಕೆಳಗೆ. ವಾಲಗಕ್ಕೆ, ಸಿನಿಮಾ ಹಾಡಿಗೆ ಅದು ಸರಿ, ಎದೆಗೆ ಗುದ್ದಬೇಕಲ್ಲ. ಒಪೆರಾಕ್ಕೆ ಹಾಗಿಟ್ಟರೆ ಹಾಡುವವರನ್ನೇ ಹೊರಗೆ ಕಳಿಸಿದ ಹಾಗೆ. ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಇವರು ಮೈಕ್ ಇಲ್ಲದೆ ಹಾಡುವವರು. ಮೆಟ್ರೊಪಾಲಿಟನ್ ಒಪೆರಾದಲ್ಲಿ ಸುಮಾರು 3,800 ಸೀಟು. ಮುಂದೆ ದೊಡ್ಡ ವಾದ್ಯವೃಂದ. ಅದನ್ನೆಲ್ಲ ದಾಟಿ ಕೊನೆ ಸಾಲಿಗೆ ದನಿ ಮುಟ್ಟಬೇಕು. ವಾದ್ಯವೃಂದದ ಬಲ ಜಾಸ್ತಿ ಇರುವುದು ಸುಮಾರು 500 ಹರ್ಟ್ಜ್ ಸುತ್ತ. ಪಳಗಿದ ಗಾಯಕ ಗಂಟಲನ್ನು ಒಂದು ಬಗೆಯಲ್ಲಿ ಇಟ್ಟು, 3000 ಹರ್ಟ್ಜ್ ಸುತ್ತ ತನ್ನ ದನಿಗೆ ಒಂದು ಮೊನೆ ತಂದುಕೊಳ್ಳುತ್ತಾನೆ. ವಾದ್ಯಗಳು ಅಲ್ಲಿ ತೆಳ್ಳಗೆ. ಆ ಸಂದಿನಲ್ಲಿ ದನಿ ಹೊರಗೆ ಬರುತ್ತದೆ. ನಾನು ಮದುವೆಗೆ ಅಂತ ಇಳಿಸಿ ಇಟ್ಟಿದ್ದ ಕಡ್ಡಿಗಳು ಯಾವುವು? ಸರಿಯಾಗಿ ಅವೇ.

ಆದ್ದರಿಂದ ಇಕ್ವಲೈಸರಿನ ಕಡ್ಡಿಗಳನ್ನೆಲ್ಲ ನಡುವಿಗೆ ತಂದು ನಿಲ್ಲಿಸಿ. ಸಬ್‌ವೂಫರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಎಕೋ, ರಿವರ್ಬ್ ಬಟನ್ ಇದ್ದರೆ ಅದರ ಮೇಲೆ ಟೇಪ್ ಅಂಟಿಸಿ. ರಂಗಮಂದಿರದ ಗುಂಗು ಡಿಸ್ಕಿನಲ್ಲೇ ಇದೆ, ನಮ್ಮದೊಂದು ಸೇರಿಸುವುದು ಬೇಡ. ಪ್ಲೇಯರಿನಲ್ಲಿ ನೈಟ್ ಮೋಡ್ ಅಂತ ಇದ್ದರೆ ಆಫ್. ದೊಡ್ಡ ಸದ್ದು ಸಣ್ಣ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್ ಇದ್ದರೆ ಅದೂ ಆಫ್.

ಬಾಕ್ಸ್ ಎರಡು ಸಾಕು. ಪರದೆಯ ಎಡಕ್ಕೊಂದು ಬಲಕ್ಕೊಂದು, ಕೂತವರ ಕಿವಿಯ ಎತ್ತರಕ್ಕೆ. ಮೂಲೆಗೆ ತಳ್ಳಬೇಡಿ, ಮೂಲೆಯಲ್ಲಿ ಬಾಸ್ ಸುಮ್ನೆ ಉಬ್ಬುತ್ತದೆ. ಬ್ಲೂಟೂತ್ ಬೇಡವೇ ಬೇಡ. ತುಟಿ ಮೊದಲು, ದನಿ ಆಮೇಲೆ ಬರುತ್ತದೆ. ಪಾತ್ರವರ್ಗವೆಲ್ಲ ಡಬ್ಬಿಂಗ್ ಸಿನಿಮಾದವರ ಹಾಗೆ ಕಾಣುತ್ತಾರೆ. ವೈರೇ ಎಳೆಯಿರಿ.

ಡಿಸ್ಕಿನ ಆಡಿಯೋ ಮೆನುಗೆ ಹೋದರೆ ಸಾಮಾನ್ಯವಾಗಿ ಎರಡು ಇರುತ್ತವೆ, ಎರಡು ಬಾಕ್ಸಿನ ಪಿಸಿಎಂ ಸ್ಟೀರಿಯೋ ಮತ್ತು ಆರು ಬಾಕ್ಸಿನ 5.1. ನಿಮ್ಮ ಹತ್ತಿರ ಎರಡೇ ಬಾಕ್ಸ್ ಇದ್ದರೆ ಪಿಸಿಎಂ ಸ್ಟೀರಿಯೋ ಆರಿಸಿ. 5.1 ಇಟ್ಟು ಎಡ ಬಲದ ಪಿನ್ನು ಮಾತ್ರ ಚುಚ್ಚಿದರೆ ನಡುವಿನ ಚಾನೆಲ್ ಎಲ್ಲಿಗೂ ಹೋಗುವುದಿಲ್ಲ. ದನಿಯ ಒಂದು ಪಾಲು ಅದರಲ್ಲಿರುತ್ತದೆ. ಮೊದಲ ವರ್ಷ ನಾನು ಇದನ್ನೂ ಮಾಡಿದ್ದೆ. ವಾದ್ಯ ಜೋರಾಗಿ ಕೇಳುತ್ತಿತ್ತು, ಹಾಡುವವರು ಪಕ್ಕದ ಮನೆಯಲ್ಲಿದ್ದ ಹಾಗಿತ್ತು.

ಈಗ ವಾಲ್ಯೂಮ್. ಸಿನಿಮಾದಲ್ಲಿ, ಮದುವೆ ಹಾಡಿನಲ್ಲಿ ಸದ್ದು ಮೊದಲಿಂದ ಕೊನೆವರೆಗೆ ಒಂದೇ ಮಟ್ಟ. ಒಪೆರಾದಲ್ಲಿ ಹಾಗಲ್ಲ. ಪಿಸುಮಾತಿನಿಂದ ಗುಡುಗಿನವರೆಗೆ ಹೋಗುತ್ತದೆ, ಬೇಕಂತಲೇ. ಪುತ್ತರಿ ಹಬ್ಬದಲ್ಲಿ ನಾಲ್ಕು ಜನ ದುಡಿ ಹಿಡಿದು ಕೊಡವರ ಹಾಡು ಬಾಳೊಪಾಟ್ ಹಾಡುವುದನ್ನು ನೋಡಿದ್ದೀರಲ್ಲ? ಅಲ್ಲಿ ಮೈಕ್ ಇದೆಯಾ? ಇಲ್ಲ. ಕೇಳಬೇಕಾದರೆ ನಾವೇ ಹತ್ತಿರ ಸರಿದು, ಮಾತು ನಿಲ್ಲಿಸಿ ಕಿವಿ ಕೊಡುತ್ತೇವೆ. ಇಲ್ಲಿಯೂ ಅಷ್ಟೇ. ದನಿ ಸಣ್ಣಗಾದಾಗ ಜನ ಮುಂದಕ್ಕೆ ಬಾಗಬೇಕು. ನೀವು ಫೇಡರ್ (ಮಿಕ್ಸರಿನಲ್ಲಿ ಸದ್ದು ಏರಿಸಿ ಇಳಿಸುವ ಕಡ್ಡಿ) ತಳ್ಳಿದರೆ ಬಾಗುವುದಿಲ್ಲ, ಮೊಬೈಲ್ ತೆಗೆಯುತ್ತಾರೆ.

ಮಟ್ಟ ಹೊಂದಿಸಲು ನನ್ನದೊಂದು ಉಪಾಯ ಇದೆ. ಜನ ಬರುವ ಮೊದಲು, ಮಳೆ ಸುರಿಯುತ್ತಿರುವಾಗಲೇ, ಮೂರನೇ ಅಂಕದ ಶುರುವಿಗೆ ಹೋಗಿ. ರಂಗದ ಪರದೆ ಏಳುವ ಮೊದಲು ವಾದ್ಯವೃಂದ ಒಮ್ಮೆಲೇ ಎರಡು ಪೆಟ್ಟು ಹೊಡೆಯುತ್ತದೆ, ದಡ್ ದಡ್ ಅಂತ. ಮರುಕ್ಷಣವೇ ಕೊಳಲು ಮತ್ತು ಹಾರ್ಪ್, ಮೆಲ್ಲಗೆ, ಚೂರು ಚೂರಾಗಿ, ಮೇಲಿಂದ ಕೆಳಕ್ಕೆ. ಅದು ಹಿಮ ಬೀಳುವುದು. ಹತ್ತಿಪ್ಪತ್ತು ಸೆಕೆಂಡಿನಲ್ಲಿ ದೊಡ್ಡದು ಸಣ್ಣದು ಎರಡೂ ಸಿಕ್ಕಿತಲ್ಲ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಕೇಳಿ. ಹಿಮ ಬೀಳುವುದು ಮಳೆ ಸದ್ದಿನ ಮೇಲೆ ಸ್ವಲ್ಪವೇ ಸ್ವಲ್ಪ ಕೇಳಬೇಕು. ಹಾಗಿಟ್ಟಾಗ ಆ ಎರಡು ಪೆಟ್ಟಿಗೆ ಬೆಚ್ಚಬೇಕು, ಕಿವಿ ಮುಚ್ಚಿಕೊಳ್ಳಬಾರದು. ಎರಡೂ ಕೂಡಿ ಬರದಿದ್ದರೆ ಸದ್ದು ಏರಿಸಬೇಡಿ, ಬಾಕ್ಸನ್ನು ಎರಡು ಅಡಿ ಜನರ ಕಡೆ ತನ್ನಿ, ಅಥವಾ ಜನರ ಕುರ್ಚಿಯನ್ನು ಮುಂದಕ್ಕೆ ತನ್ನಿ. ಮಟ್ಟ ಸಿಕ್ಕಿದ ಮೇಲೆ ಫೇಡರ್ ಪಕ್ಕ ಚಾಕ್‌ಪೀಸಿನಲ್ಲಿ ಗೆರೆ ಹಾಕಿ ಕೈ ಕಟ್ಟಿ ಕೂರಿ.

ಕೈ ಕಟ್ಟಿ ಕೂರುವುದು ಹೇಳಿದಷ್ಟು ಸುಲಭ ಅಲ್ಲ. ಮೊದಲ ಅಂಕದ ಕೊನೆಗೆ ರೊಡೊಲ್ಫೊ ಮತ್ತು ಮಿಮಿ ಒಟ್ಟಿಗೆ ಹಾಡುತ್ತಾ ಬಾಗಿಲು ದಾಟಿ ಆಚೆ ಹೋಗುತ್ತಾರೆ. ವೇದಿಕೆ ಖಾಲಿ. ದನಿ ದೂರ ದೂರ ಹೋಗುತ್ತದೆ. ಮೊದಲ ವರ್ಷ ನಾನು 'ಅಯ್ಯೋ ಲೈನ್ ಹೋಯ್ತು' ಅಂತ ಫೇಡರನ್ನು ಮೇಲಕ್ಕೆ ತಳ್ಳಿದೆ. ಮೆಟ್ಟಿಲಿಳಿದು ಹೋಗುತ್ತಿದ್ದವರು ವಾಪಸ್ ಬಂದು ಕಿವಿಯಲ್ಲಿ ಕಿರುಚಿದ ಹಾಗಾಯಿತು. ಅದರ ಹಿಂದೆಯೇ ನ್ಯೂಯಾರ್ಕಿನ ಜನರ ಚಪ್ಪಾಳೆ. ನಮ್ಮ ಹಾಲಿನಲ್ಲಿ ಒಬ್ಬರು ಕೈಯಲ್ಲಿದ್ದ ಕಾಫಿ ಲೋಟ ಬೀಳಿಸಿದರು.

ಕಥೆ ಹೇಳುವವರು ಒಬ್ಬರು ಬೇಕು

ಡಿಸ್ಕಿನಲ್ಲಿ ಇಂಗ್ಲಿಷ್ ಅಕ್ಷರ ಬರುತ್ತದೆ, ಕನ್ನಡ ಇಲ್ಲ. ಇಂಗ್ಲಿಷ್ ಬರುವವರಿಗೂ ಓದುತ್ತಾ ಕೂತರೆ ನೋಡುವುದು ತಪ್ಪಿಹೋಗುತ್ತದೆ. ಕೆಲವರು ಪಕ್ಕದವರಿಗೆ ಓದಿ ಹೇಳುತ್ತಾರೆ, ಅದು ಇನ್ನೂ ಕೆಟ್ಟದು. ನಾವು ಮಾಡುವುದು ಹೀಗೆ. ಪ್ರತಿ ಅಂಕದ ಮುಂಚೆ ಪಾಸ್. ಲೈಟ್ ಹಾಕಿ ಟೀಚರ್ ಎದ್ದು ನಿಂತು ಐದು ನಿಮಿಷ ಕನ್ನಡದಲ್ಲಿ ಆ ಅಂಕದ ಕಥೆ ಹೇಳುತ್ತಾರೆ. ಏನಾಗುತ್ತದೆ ಅಂತ ಪೂರ್ತಿ ಹೇಳಿಬಿಡಿ, ಸಾವನ್ನೂ ಹೇಳಿಬಿಡಿ. ಯಕ್ಷಗಾನಕ್ಕೆ ಹೋಗುವವರಿಗೆ ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿಲ್ಲವಾ? ಹೇಗೆ ಸಾಯುತ್ತಾನೆ ಅಂತ ನೋಡಲು ಹೋಗುವುದು.

ಹಾಡಿನಲ್ಲೇ ಮಾತಾಡುವುದು ನಮಗೆ ಹೊಸದೇನಲ್ಲ ಅಂತ ಟೀಚರ್ ಯಾವಾಗಲೂ ಶುರುವಿನಲ್ಲಿ ಒಂದು ಮಾತು ಹೇಳುತ್ತಾರೆ. ಹರದಾಸ ಅಪ್ಪಚ್ಚ ಕವಿ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕ ಬರೆದಾಗ ಹಾಡು ತುಂಬಿಯೇ ಬರೆದರು. ಪುಚ್ಚೀನಿಯೂ ಅವರೂ ಹೆಚ್ಚುಕಮ್ಮಿ ಒಂದೇ ಕಾಲದವರು. ಪುಚ್ಚೀನಿ 1858ರಲ್ಲಿ ಹುಟ್ಟಿದವರು, ಅಪ್ಪಚ್ಚ ಕವಿ 1868ರಲ್ಲಿ. ಈ ಮಾತು ಕೇಳಿದ ಮೇಲೆ ಹಿರಿಯರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಮೊದಲ ಅಂಕಕ್ಕೆ ಹೇಳಬೇಕಾದ್ದು: ಪ್ಯಾರಿಸ್, ಸುಮಾರು 1830, ಕ್ರಿಸ್ಮಸ್ ಹಿಂದಿನ ರಾತ್ರಿ. ಅಟ್ಟದ ಕೋಣೆಯಲ್ಲಿ ನಾಲ್ಕು ಬಡ ಹುಡುಗರು. ಕವಿ ರೊಡೊಲ್ಫೊ, ಚಿತ್ರ ಬಿಡಿಸುವ ಮಾರ್ಚೆಲ್ಲೊ, ತತ್ವ ಮಾತಾಡುವ ಕೊಲ್ಲೀನೆ, ಸಂಗೀತದ ಶೊನಾರ್. ಸೌದೆ ಇಲ್ಲ. ರೊಡೊಲ್ಫೊ ತಾನು ಬರೆದ ನಾಟಕದ ಹಾಳೆಗಳನ್ನೇ ಒಲೆಗೆ ಹಾಕುತ್ತಾನೆ. ಬಾಡಿಗೆ ಕೇಳಲು ಬಂದ ಮುದುಕ ಬೆನುವಾನಿಗೆ ಕುಡಿಸಿ, ಮಾತಿಗೆಳೆದು, ಹೊರಗೆ ನೂಕುತ್ತಾರೆ. ಉಳಿದವರು ಹೋದ ಮೇಲೆ ಪಕ್ಕದ ಕೋಣೆಯ ಮಿಮಿ ಬರುತ್ತಾಳೆ. ಆರಿಹೋದ ಮೋಂಬತ್ತಿ ಹಚ್ಚಿಸಿಕೊಳ್ಳಲು. ಬೀಗದಕೈ ಕಳೆಯುತ್ತದೆ. ಕತ್ತಲಲ್ಲಿ ಹುಡುಕುವಾಗ ಕೈಗೆ ಕೈ ತಾಗುತ್ತದೆ.

ಇಲ್ಲಿ ಬರುವ ಹಾಡಿನ ಮೊದಲ ಸಾಲನ್ನು ಮುಂಚೆಯೇ ಕನ್ನಡದಲ್ಲಿ ಹೇಳಿಕೊಡಿ. 'ಕೆ ಜೆಲಿದಾ ಮನೀನಾ', ಅಂದರೆ 'ಎಷ್ಟು ತಣ್ಣಗಿದೆ ಈ ಪುಟ್ಟ ಕೈ'. ಇಟಲಿ ಭಾಷೆಯಲ್ಲಿ ಕೈಗೆ 'ಮಾನೊ' ಅಂತಾರಂತೆ, 'ಮನೀನಾ' ಅಂದರೆ ಪುಟ್ಟ ಕೈ, ಮುದ್ದಿನ ಮಾತು. ಟೀಚರ್ ಇದನ್ನು ಹೇಳಿದ ದಿನ ಮುಂದಿನ ಸಾಲಿನ ಹೆಂಗಸರು ಶಾಲಿನೊಳಗೆ ತಮ್ಮ ಕೈ ತಾವೇ ಉಜ್ಜಿಕೊಂಡರು. ಕಕ್ಕಡದಲ್ಲಿ ಯಾರ ಕೈ ಬೆಚ್ಚಗಿರುತ್ತದೆ? ಆ ಹಾಡು ಮೇಲೆ ಮೇಲೆ ಹೋಗಿ ಒಂದು ಕಡೆ ತುದಿ ಮುಟ್ಟುತ್ತದೆ, 'ಸ್ಪೆರಾನ್ಜಾ' ಅನ್ನುವ ಮಾತಿನ ಮೇಲೆ. ಭರವಸೆ ಅಂತ ಅರ್ಥ. ಅದು ಹೈ ಸಿ, ಗಂಡಸರ ದನಿಗೆ ಬಹಳ ಎತ್ತರ, ಅರ್ಧ ಸ್ವರ ಇಳಿಸಿ ಹಾಡುವವರೂ ಇದ್ದಾರೆ. ಆ ಜಾಗದಲ್ಲಿ ನಿಮ್ಮ ಮಿಕ್ಸರಿನ ಕೆಂಪು ದೀಪ ಹತ್ತಬಾರದು. ಹತ್ತಿದರೆ ಗೇನ್ ಜಾಸ್ತಿಯಾಗಿದೆ, ಹಿಂದಿನ ದಿನವೇ ನೋಡಿಕೊಳ್ಳಿ.

ಎರಡನೇ ಅಂಕ ಚಿಕ್ಕದು, ಇಪ್ಪತ್ತು ನಿಮಿಷದ ಒಳಗೆ ಮುಗಿಯುತ್ತದೆ. ಬೀದಿ, ಕಾಫಿ ಅಂಗಡಿ, ಆಟಿಕೆ ಮಾರುವವ, ಮಕ್ಕಳ ಗಲಾಟೆ. ಜೆಫಿರೆಲ್ಲಿ ಇದಕ್ಕೆ ಇನ್ನೂರಕ್ಕೂ ಹೆಚ್ಚು ಜನರನ್ನು ವೇದಿಕೆ ಮೇಲೆ ತಂದಿದ್ದಾನೆ. ಪರದೆ ಎದ್ದ ಕೂಡಲೇ ಅಲ್ಲಿನ ಜನ ಸೆಟ್ಟಿಗೇ ಚಪ್ಪಾಳೆ ಹೊಡೆಯುತ್ತಾರೆ. ಯಾರು ಹಾಡುತ್ತಿದ್ದಾರೆ ಅಂತ ಕಣ್ಣು ಹುಡುಕುತ್ತದೆ. ಮಕ್ಕಳಿಗೆ ಮುಂಚೆಯೇ ಹೇಳಿ, 'ಮುಜೆಟ್ಟಾ ಬಂದಾಗ ಅವಳನ್ನೇ ನೋಡಿ'. ಹಳೆ ಪ್ರಿಯಕರ ಮಾರ್ಚೆಲ್ಲೊನ ಕಣ್ಣಿಗೆ ಬೀಳಬೇಕು ಅಂತ ಹಾಡುತ್ತಾಳೆ, ಜೊತೆಗಿರುವ ಮುದುಕನನ್ನು ಸಾಗಹಾಕಲು ಷೂ ಕಚ್ಚುತ್ತದೆ ಅಂತ ಕಿರುಚುತ್ತಾಳೆ. ಅವನು ಹೊಸ ಷೂ ತರಲು ಓಡುತ್ತಾನೆ. ವಾಪಸ್ ಬಂದಾಗ ಇವರು ಯಾರೂ ಇಲ್ಲ, ಎಲ್ಲರ ಊಟದ ಬಿಲ್ ಮಾತ್ರ ಇದೆ. ಆ ಮುದುಕ ಮತ್ತು ಮೊದಲ ಅಂಕದ ಬಾಡಿಗೆ ಮುದುಕ, ಎರಡನ್ನೂ ಮಾಡಿದ್ದು ಒಬ್ಬನೇ ಗಾಯಕ, ಇಟಾಲೊ ತಾಯೊ. ಯಾರು ಕಂಡುಹಿಡಿಯುತ್ತಾರೆ ಅಂತ ಮಕ್ಕಳಿಗೆ ಪಂದ್ಯ ಕಟ್ಟಿ.

ಇದಾದ ಮೇಲೆ ದೊಡ್ಡ ವಿರಾಮ. ಬೆಲ್ಲದ ಕಾಫಿ, ಸುಟ್ಟ ಹಲಸಿನ ಬೀಜ. ಆಗಸ್ಟ್ 3ರ ಹತ್ತಿರ ಆದರೆ ಮದ್ದುಸೊಪ್ಪಿನ ಪಾಯಸ, ಕಕ್ಕಡ ಹದಿನೆಂಟು ಅಲ್ವಾ. ತಿನ್ನುವುದೆಲ್ಲ ಇಲ್ಲೇ ಮುಗಿಯಲಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಚಿಪ್ಸ್, ಮಿಕ್ಸ್ಚರ್ ಒಳಗೆ ಬಿಡಬೇಡಿ. ಮೂರನೇ ಅಂಕದ ಹಿಮವನ್ನು ಒಂದು ಪರ್‌ಪರ್ ಪ್ಯಾಕೆಟ್ ನುಂಗಿಹಾಕುತ್ತದೆ.

ಮೂರನೇ ಅಂಕ ಊರ ಗಡಿಯ ಸುಂಕದ ಗೇಟು. ಮಾಕುಟ್ಟದ ಚೆಕ್‌ಪೋಸ್ಟ್ ಇದ್ದ ಹಾಗೆ ಅಂತ ಹೇಳಿದರೆ ಸಾಕು. ಫೆಬ್ರವರಿ, ಬೆಳಗಿನ ಜಾವ, ಹಿಮ. ಗೇಟು ತೆಗೆಯಲಿ ಅಂತ ಕಸ ಗುಡಿಸುವವರು, ಹಾಲಿನ ಹೆಂಗಸರು ಕಾಯುತ್ತಿದ್ದಾರೆ. ರೊಡೊಲ್ಫೊ ಮಾರ್ಚೆಲ್ಲೊನ ಹತ್ತಿರ ಮೊದಲು ಮಿಮಿ ಸರಿಯಿಲ್ಲ ಅಂತ ದೂರುತ್ತಾನೆ. ಆಮೇಲೆ ನಿಜ ಬಾಯಿಬಿಡುತ್ತಾನೆ. ಅವಳಿಗೆ ಕಾಯಿಲೆ ಜೋರು, ನನ್ನ ಕೋಣೆಯಲ್ಲಿ ಬೆಂಕಿಯಿಲ್ಲ, ನನ್ನ ಜೊತೆ ಇದ್ದರೆ ಉಳಿಯುವುದಿಲ್ಲ ಅಂತ. ಮಿಮಿ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಾಳೆ. ಕೆಮ್ಮಿನಿಂದ ಸಿಕ್ಕಿಬೀಳುತ್ತಾಳೆ. ಕೊನೆಗೆ ಒಂದು ಕಡೆ ಇವರಿಬ್ಬರು ವಸಂತ ಬರುವವರೆಗೆ ಒಟ್ಟಿಗಿರೋಣ ಅಂತ ಮೆಲ್ಲಗೆ ಹಾಡುತ್ತಿದ್ದರೆ, ಇನ್ನೊಂದು ಕಡೆ ಮಾರ್ಚೆಲ್ಲೊ ಮತ್ತು ಮುಜೆಟ್ಟಾ ಬೈದಾಡುತ್ತಿರುತ್ತಾರೆ. ನಾಲ್ಕೂ ಒಟ್ಟಿಗೆ. ಯಾರದ್ದೂ ಯಾರಿಗೂ ಅಡ್ಡ ಬರುವುದಿಲ್ಲ. ನಾಲ್ಕು ಮೈಕ್ ಕೊಟ್ಟು ನಾಲ್ಕು ಜನರನ್ನು ನಿಲ್ಲಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಈ ಭಾಗ ಬಂದಾಗ ನಾನು ಪರದೆ ನೋಡುವುದಿಲ್ಲ, ಕಣ್ಣು ಮುಚ್ಚಿ ಬರೀ ಕೇಳುತ್ತೇನೆ.

ಮೂರರಿಂದ ನಾಲ್ಕಕ್ಕೆ ಹೋಗುವಾಗ ಜಾಸ್ತಿ ಮಾತು ಬೇಡ, ಲೈಟೂ ಪೂರ್ತಿ ಹಾಕಬೇಡಿ. ಅದೇ ಅಟ್ಟ, ಹುಡುಗರ ತಮಾಷೆ, ಮಿಮಿಯನ್ನು ಮುಜೆಟ್ಟಾ ಕರೆತರುತ್ತಾಳೆ, ಅಷ್ಟು ಹೇಳಿದರೆ ಸಾಕು. ಮುಜೆಟ್ಟಾ ತನ್ನ ಓಲೆ ಬಿಚ್ಚಿ ಔಷಧಿಗೆ ಕೊಡುತ್ತಾಳೆ. ಕೈ ಬೆಚ್ಚಗಿಡುವ ತುಪ್ಪಳದ ಚೀಲವನ್ನೂ ತರುತ್ತಾಳೆ. ಕೊಲ್ಲೀನೆ ತನ್ನ ಹಳೇ ಕೋಟನ್ನು ಮಾರಲು ಹೊರಡುತ್ತಾನೆ, ಹೊರಡುವ ಮೊದಲು ಅದಕ್ಕೆ ವಿದಾಯ ಹೇಳಿ ಒಂದು ಸಣ್ಣ ಹಾಡು ಹಾಡುತ್ತಾನೆ. ಮನುಷ್ಯರಿಗಲ್ಲ, ಕೋಟಿಗೆ. ತಗ್ಗಿನ ದನಿ, ಎರಡು ನಿಮಿಷ. ಬಾಸ್ ಏರಿಸಿದ್ದರೆ ಇದು ಡ್ರಮ್ಮಿನೊಳಗಿಂದ ಬಂದ ಹಾಗೆ ಕೇಳುತ್ತದೆ. ನಮ್ಮಲ್ಲಿ ಪಕ್ಕದ ತೋಟದ ರಿಟೈರ್ಡ್ ಸುಬೇದಾರರು ಮೊದಲ ಮೂರು ಅಂಕ ತೂಕಡಿಸುತ್ತಲೇ ಇದ್ದವರು, ಇಲ್ಲಿ ಎದ್ದು ಕೂತರು. ಆಮೇಲೆ ಹೊರಗೆ ಕೊಡೆ ಬಿಚ್ಚುತ್ತಾ ನನಗೆ ಹೇಳಿದರು, "ನನ್ನ ಮಿಲಿಟರಿ ಕೋಟ್ ಇನ್ನೂ ಇದೆ ಮಗ. ಹೆಂಡತಿ ಯಾರಿಗಾದರೂ ಕೊಡಿ ಅಂತಾಳೆ."

ಮಿಮಿ ಸಾಯುವಾಗ ಹಾಡಿಲ್ಲ. ಇದನ್ನು ಗಮನಿಸಿ. ಅವಳು ನಿದ್ದೆ ಹೋದಳು ಅಂತಲೇ ಎಲ್ಲರೂ ತಿಳಿದಿರುತ್ತಾರೆ. ಮೊದಲು ಗೊತ್ತಾಗುವುದು ಶೊನಾರನಿಗೆ. ಕೊನೆಗೆ ಗೊತ್ತಾಗುವುದು ರೊಡೊಲ್ಫೊನಿಗೆ, ಅದೂ ಉಳಿದವರ ಮುಖ ನೋಡಿ. ಈ ನಡುವಿನ ಒಂದೆರಡು ನಿಮಿಷದಲ್ಲಿ ವಾದ್ಯವೃಂದ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ನಿಮ್ಮ ಕೈ ತಾನಾಗಿ ಫೇಡರ್ ಕಡೆ ಹೋಗುತ್ತದೆ. ನನ್ನದು ಈಗಲೂ ಹೋಗುತ್ತದೆ. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ.

ಮುಗಿದ ಕೂಡಲೇ ಲೈಟ್ ಹಾಕಬೇಡಿ, ಡಿಸ್ಕ್ ನಿಲ್ಲಿಸಬೇಡಿ. ಪರದೆ ಬಿದ್ದ ಮೇಲೆ ಗಾಯಕರು ಒಬ್ಬೊಬ್ಬರಾಗಿ ಬಂದು ನಮಸ್ಕಾರ ಮಾಡುತ್ತಾರೆ. ಸತ್ತವಳು ಎದ್ದು ಬಂದು ನಗುವುದನ್ನು ಮಕ್ಕಳು ನೋಡಲೇಬೇಕು. ಮೊದಲ ವರ್ಷ ಟೀಚರ್ ಮನೆ ಕೆಲಸದವಳ ಮಗಳು ಅವಳನ್ನು ನೋಡಿದ ಮೇಲೇ ಅಳು ನಿಲ್ಲಿಸಿದ್ದು.

ಎತ್ತಿಡುವುದು

ಪ್ರೊಜೆಕ್ಟರ್ ಆಫ್ ಮಾಡಿದ ಮೇಲೂ ಫ್ಯಾನ್ ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ವೈರುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಸುತ್ತಿ. ಕೊಡಗಿನ ಮಳೆಗಾಲದಲ್ಲಿ ಡಿಸ್ಕಿಗೂ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ, ಬಿಳಿ ಜೇಡರ ಬಲೆಯ ಹಾಗೆ. ಡಿಸ್ಕನ್ನು ಒರೆಸುವಾಗ ನಡುವಿನ ತೂತಿನಿಂದ ಹೊರ ಅಂಚಿಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಉಜ್ಜಿದರೆ ಗೀಚು ಹಾಡಿನ ಉದ್ದಕ್ಕೇ ಬೀಳುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಹೊಸ ಬ್ಯಾಗು, ಚಪ್ಪಲಿ ಕೊಂಡಾಗ ಸಿಗುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಲ್ಲಿ ಒಣಗುತ್ತದೆ ನಿಜ, ಬಿಸಿಗೆ ಬಾಗುತ್ತದೆ.

ಟೀಚರ್ ಡಿಸ್ಕ್ ಈಗ ನನ್ನ ಡಬ್ಬಿಯಲ್ಲೇ ಇದೆ. ಅವರ ಮನೆಯಲ್ಲಿ ಶೀತ ಜಾಸ್ತಿ ಅಂತ ಹೇಳಿ ಇಟ್ಟುಕೊಂಡಿದ್ದೇನೆ. ವಾರಕ್ಕೊಂದು ಸಲ ಬಾಕ್ಸ್ ಓಡಿಸಬೇಕಲ್ಲ, ಆಗ ಮೂರನೇ ಅಂಕ ಹಾಕುತ್ತೇನೆ.